ದ್ರಾಕ್ಷಾರಸವನ್ನು ಮಾಡುವುದೂ ಮುಚ್ಚಿಡುವುದೂ: ಬೆಂಗಳೂರಿನ ಪೂರ್ವಭಾಗದ ಹಿಡುವಳಿದಾರರು ಆಲೋಚಿಸತಕ್ಕ ವಿಷಯ

ಬೆಂಗಳೂರು ದಂಡಿನ ಪ್ರದೇಶದಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಕಪ್ಪು ದ್ರಾಕ್ಷಿಯನ್ನು ಕೇಳಿಕೊಂಡು ಬರುವ ಗೃಹಿಣಿಯರು ಹೆಚ್ಚುವರು. ಹಲಸೂರು, ಪುಲಕೇಶಿನಗರ, ಕುಕ್ ಟೌನ್ ಮೊದಲಾದ ಭಾಗಗಳ ಆಂಗ್ಲೋ-ಇಂಡಿಯನ್, ಗೋವೆಯ, ತಮಿಳು ಮತ್ತು ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಹಬ್ಬದ ದಿನ ಬಂದವರಿಗೆ ಒಂದು ತುಂಡು ಕೇಕನ್ನೂ ಸಣ್ಣ ಲೋಟದಲ್ಲಿ ದ್ರಾಕ್ಷಾರಸವನ್ನೂ ಕೊಡುವುದು ಬಹುಕಾಲದ ಪದ್ಧತಿ. ಒಂದೇ ಬುಟ್ಟಿಯ ಹಣ್ಣು, ಒಂದೇ ಅಂಗಡಿಯ ಸಕ್ಕರೆ. ಆದರೂ ಒಂದು ಮನೆಯ ಜಾಡಿಯಿಂದ ಮಾಣಿಕ್ಯದ ಬಣ್ಣದ ತಿಳಿಯಾದ ರಸವು ಇಳಿಯುವುದು. ಪಕ್ಕದ ಮನೆಯ ಜಾಡಿಯನ್ನು ತೆರೆದರೆ ಮೂಗಿಗೆ ಹುಳಿಯ ಘಾಟು ಹೊಡೆಯುವುದು. ಕೆಡಿಸಿಕೊಂಡವರು ಹಣ್ಣನ್ನು ದೂರುವರು; ಹಣ್ಣು ಮಾರಿದವನನ್ನೂ ದೂರುವರು. ದೋಷವು ಬಹುಮಟ್ಟಿಗೆ ಹಣ್ಣಿನಲ್ಲಿಲ್ಲ, ಜಾಡಿಯ ಬಾಯಲ್ಲಿರುವುದು.

ದಂಡಿನ ಗೃಹಿಣಿಯರ ಈ ಸಂಗತಿಯಿಂದ ಹಳ್ಳಿಯ ಯಜಮಾನರಿಗೂ ಹಿಡುವಳಿದಾರರಿಗೂ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ. ಆ ಜಾಡಿಗೆ ಹೋಗುವ ಹಣ್ಣು ಕೃಷ್ಣರಾಜಪುರದಿಂದಾಚೆಗೆ ಹೊಸಕೋಟೆ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕಲ್ಲುಕಂಬದ ಚಪ್ಪರಗಳಿಂದ ಬರತಕ್ಕದ್ದು. ಬೆಂಗಳೂರು ನೀಲಿ ಎಂದು ಹೆಸರಾದ ಈ ತಳಿಯು ೧೯ ನೆಯ ಶತಮಾನದಿಂದ ಈ ನೆಲದಲ್ಲಿ ಬೇರೂರಿದೆ. ೨೦೧೩ ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ವರ್ಷಕ್ಕೆ ಎರಡು ಬೆಳೆ ಕೊಡುವ ಗುಣ, ದಪ್ಪ ಸಿಪ್ಪೆ, ಗಾಢವಾದ ಬಣ್ಣ, ತನ್ನದೇ ಆದ ಪರಿಮಳ, ಇವೆಲ್ಲ ಇದಕ್ಕುಂಟು. ಆದರೆ ಮನ್ನಣೆಯ ಪತ್ರವು ಹಣ್ಣನ್ನು ಕೆಡದಂತೆ ಇಡಲಾರದು. ಸುತ್ತಲಿನ ತೋಟಗಳೆಲ್ಲ ಒಂದೇ ವಾರದಲ್ಲಿ ಕೊಯ್ಲಿಗೆ ಬಂದಾಗ ಬೆಲೆಯು ಕುಸಿಯುವುದು. ಹಣ್ಣು ಬಳ್ಳಿಯಲ್ಲಿ ಕಾಯಲಾರದು, ಬುಟ್ಟಿಯಲ್ಲಂತೂ ಕಾಯಲೇ ಆರದು. ಬಂದ ಬೆಲೆಗೆ ಮಾರಿ ಬರುವ ರೈತನು ನಾಲ್ಕಾರು ಬೆಳೆ ಹೀಗೆ ನಷ್ಟಪಟ್ಟ ಮೇಲೆ ಚಪ್ಪರವನ್ನು ಕಿತ್ತು ನೆಲವನ್ನು ನಿವೇಶನಕ್ಕೆ ಕೊಡುವನು. ಬಳ್ಳಿಯನ್ನು ಹೊತ್ತಿದ್ದ ಕಲ್ಲುಕಂಬಗಳೇ ಆಮೇಲೆ ಆ ನಿವೇಶನದ ಬೇಲಿಯ ಕಂಬಗಳಾಗುವುವು.

ಇದು ಹೊಸದಾಗಿ ನಡೆಯುತ್ತಿರುವ ಮಾತಲ್ಲ. ೧೮೮೨ ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ವೈಟ್‌ಫೀಲ್ಡಿನಲ್ಲಿ ೩೯೦೦ ಎಕರೆ ನೆಲವನ್ನು ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿವಸತಿಗಾಗಿ ದಯಪಾಲಿಸಿದರು. ಇಂದು ಅಲ್ಲಿ ನೇಗಿಲನ್ನು ಕಾಣುವುದು ದುರ್ಲಭ. ಕಚೇರಿಗಳ ಗಾಜಿನ ಗೋಡೆಗಳೇ ಕಾಣುವುವು. ನಗರವು ಬೆಳೆಯುವುದನ್ನು ಯಾವ ಗ್ರಾಮವೂ ತಡೆಯಲಾರದು. ಆದರೆ ಕೊಯ್ದ ದಿನವೇ ಮಾರಬೇಕಾದ ಬೆಳೆಯು ನಗರದ ಮುಂದೆ ಬೇಗ ಸೋಲುವುದೆಂಬುದೂ, ಕೆಡದಂತೆ ಇಟ್ಟು ಸಮಯ ನೋಡಿ ಮಾರಬಲ್ಲ ಬೆಳೆಯು ಹೆಚ್ಚುಕಾಲ ನಿಲ್ಲುವುದೆಂಬುದೂ ಅನುಭವಸಿದ್ಧವಾದ ಸಂಗತಿ. ರಾಗಿಯನ್ನು ಹಗೇವಿನಲ್ಲಿಟ್ಟು ಬರಗಾಲವನ್ನು ದಾಟಿದ ಸೀಮೆಯಿದು. ದ್ರಾಕ್ಷಿಗೂ ಒಂದು ಹಗೇವು ಬೇಕು. ಸೀಸೆಯೇ ಆ ಹಗೇವು. ಹಗೇವಿನ ಬಾಯನ್ನು ಮುಚ್ಚುವಷ್ಟೇ ಎಚ್ಚರಿಕೆಯಿಂದ ಸೀಸೆಯ ಬಾಯನ್ನೂ ಮುಚ್ಚಬೇಕು.

ಆದುದರಿಂದ ದ್ರಾಕ್ಷಾರಸವು ಹೇಗೆ ಆಗುವುದು, ಹೇಗೆ ಕೆಡುವುದು ಎಂಬುದನ್ನು ಬೆಳೆಗಾರನೂ ತಿಳಿದಿರಬೇಕು. ಅವನು ಸ್ವತಃ ಅದನ್ನು ತಯಾರಿಸದೆ ಹಣ್ಣನ್ನು ಮಾತ್ರ ಮಾರತಕ್ಕವನಾದರೂ ಸರಿಯೆ. ಏಕೆಂದರೆ ಕೊಳ್ಳುವ ಕಾರ್ಖಾನೆಯವರು ಬೆಲೆಯನ್ನು ಕಟ್ಟುವುದು ಈ ತಿಳಿವಳಿಕೆಯ ಮೇಲೆಯೇ. ಮಾರುವವನಿಗೆ ಅದಿಲ್ಲದಿದ್ದರೆ ಚೌಕಾಶಿಯಲ್ಲಿ ಅವನು ಕಣ್ಣುಕಟ್ಟಿ ಕುಳಿತಂತೆಯೇ.

ಮೊದಲನೆಯದು ಸಕ್ಕರೆಯ ಅಂಶ. ದ್ರಾಕ್ಷಿಯು ಕಿತ್ತ ಮೇಲೆ ಮಾವಿನಂತೆ ಅಡೆಯಲ್ಲಿ ಹಣ್ಣಾಗುವ ಜಾತಿಯಲ್ಲ. ಬಳ್ಳಿಯಲ್ಲಿ ಬಂದಷ್ಟೇ ಸಿಹಿ. ಬೆಂಗಳೂರು ನೀಲಿಯಲ್ಲಿ ಬಣ್ಣವು ಮೊದಲು ಬರುವುದು, ಸಿಹಿಯು ಆಮೇಲೆ ಬರುವುದು. ಬಣ್ಣವನ್ನು ನೋಡಿ ಅವಸರದಿಂದ ಕೊಯ್ದ ಹಣ್ಣು ಬುಟ್ಟಿಯಲ್ಲಿ ಚೆನ್ನಾಗಿ ಕಂಡರೂ ಕೊಪ್ಪರಿಗೆಯಲ್ಲಿ ಸೋಲುವುದು. ಚೆನ್ನಾಗಿ ಬಲಿತ ಹಣ್ಣಿನ ರಸದಲ್ಲಿ ೧೬ ರಿಂದ ೧೮ ಬ್ರಿಕ್ಸ್ ಡಿಗ್ರಿಯಷ್ಟು ಸಿಹಿಯ ಅಂಶವಿರುವುದು. ರಿಫ್ರಾಕ್ಟೋಮೀಟರು ಎಂಬ ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಒಂದು ತೊಟ್ಟು ರಸವನ್ನು ಹಾಕಿ ಬೆಳಕಿಗೆ ಹಿಡಿದರೆ ಇದು ಗೊತ್ತಾಗುವುದು. ಒಂದು ಲೀಟರು ರಸದಲ್ಲಿರುವ ಪ್ರತಿ ೧೭ ಗ್ರಾಂ ಸಕ್ಕರೆಯಿಂದ ಸುಮಾರು ಶೇಕಡ ೧ ರಷ್ಟು ಮದ್ಯಸಾರವು ಹುಟ್ಟುವುದು. ಈ ಲೆಕ್ಕದಲ್ಲಿ ೧೭ ಡಿಗ್ರಿಯ ರಸವು ತಾನಾಗಿ ಶೇಕಡ ೯ ರಿಂದ ೧೦ ರವರೆಗೆ ಮಾತ್ರ ಏರುವುದು. ಕೆಡದೆ ನಿಲ್ಲಬೇಕಾದರೆ ೧೧ ಅಥವಾ ೧೨ ಇದ್ದರೆ ಮೇಲು. ಶೇಕಡ ೨ ರಷ್ಟು ಕೊರತೆಯನ್ನು ತುಂಬಲು ೧೦೦ ಲೀಟರು ರಸಕ್ಕೆ ಸುಮಾರು ಮೂರೂವರೆ ಕಿಲೋಗ್ರಾಂ ಸಕ್ಕರೆ ಸಾಕು. ಕೆಲವು ಮನೆಗಳಲ್ಲಿ ಹಣ್ಣಿನ ತೂಕಕ್ಕೆ ಸಮನಾಗಿ ಸಕ್ಕರೆಯನ್ನು ಸುರಿಯುವರು. ಇದು ಔದಾರ್ಯವೆನ್ನಿಸಿದರೂ ಮೌಢ್ಯ. ಅತಿಸಿಹಿಯಲ್ಲಿ ಹುದುಗು ನಡುವೆಯೇ ನಿಂತುಹೋಗುವುದು. ಉಳಿದ ಸಕ್ಕರೆಯು ಸೀಸೆಗೆ ಹೋಗಿ, ಚೈತ್ರ ವೈಶಾಖದ ಸೆಕೆಯಲ್ಲಿ ಮತ್ತೆ ಹುದುಗಲು ತೊಡಗಿ, ಬಿರಡೆಯನ್ನು ಎಸೆಯುವುದು, ಇಲ್ಲವೆ ಸೀಸೆಯನ್ನೇ ಒಡೆಯುವುದು.

ತೋಟದಲ್ಲಿ ಇನ್ನೂ ಒಂದು ಎಚ್ಚರಿಕೆ ಉಂಟು. ಬೂದಿ ರೋಗಕ್ಕೆ ಎರಚುವ ಗಂಧಕವು ಕೊಯ್ಲಿನ ಹೊತ್ತಿಗೂ ಹಣ್ಣಿನ ಮೇಲೆ ಉಳಿದಿದ್ದರೆ, ಹುದುಗುವಾಗ ಕೊಳೆತ ಮೊಟ್ಟೆಯ ನಾತವನ್ನು ಕೊಡುವುದು. ಇತರ ಔಷಧಗಳ ಶೇಷವು ಹುದುಗನ್ನು ತಡೆಯುವುದಲ್ಲದೆ ಕುಡಿಯುವವರ ದೇಹಕ್ಕೂ ಕೇಡು. ಔಷಧದ ಡಬ್ಬಿಯ ಮೇಲೆ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಅಚ್ಚುಹಾಕಿದೆಯೋ ಅದನ್ನು ಮೀರಕೂಡದು. ಕೊಳೆತ, ಒಡೆದ, ಬೂಜು ಹಿಡಿದ ಕಾಳುಗಳನ್ನು ಆರಿಸಿ ತೆಗೆಯಬೇಕು. ನೂರು ಗೊಂಚಲನ್ನು ಕೆಡಿಸಲು ನಾಲ್ಕು ಗೊಂಚಲು ಸಾಕು.

ಹಣ್ಣನ್ನು ಬಿಡಿಸಿ, ಕಡ್ಡಿಗಳನ್ನು ತೆಗೆದು, ಬೀಜ ಅರೆಯದಂತೆ ಕೈಯಿಂದಲೋ ಮರದ ಒತ್ತಿನಿಂದಲೋ ಹಿಸುಕಬೇಕು. ಬೀಜವು ಅರೆದರೆ ರಸವು ಕಹಿಯಾಗುವುದು. ಪಾತ್ರೆಯು ಗಾಜಿನದು, ತುಕ್ಕುಹಿಡಿಯದ ಉಕ್ಕಿನದು, ಇಲ್ಲವೆ ಸೀಸವಿಲ್ಲದ ಮೆರುಗಿನ ಪಿಂಗಾಣಿಯದು ಆಗಿರತಕ್ಕದ್ದು. ತಾಮ್ರ, ಹಿತ್ತಾಳೆ, ಕಬ್ಬಿಣ ಕೂಡದು. ದ್ರಾಕ್ಷಿಯ ಹುಳಿಯು ಲೋಹವನ್ನು ಕರಗಿಸಿಕೊಳ್ಳುವುದು. ಪಾತ್ರೆಯ ಮುಕ್ಕಾಲು ಭಾಗವನ್ನು ಮಾತ್ರ ತುಂಬಬೇಕು. ಸಿಪ್ಪೆಯೊಡನೆಯೇ ಹುದುಗಲು ಬಿಡುವುದೇ ಕೆಂಪು ದ್ರಾಕ್ಷಾರಸದ ಗುಟ್ಟು; ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ.

ಹುದುಗಿಸುವವನು ಯಾರು? ಯೀಸ್ಟು ಎಂಬ ಸೂಕ್ಷ್ಮಜೀವಿ. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ದ್ರಾಕ್ಷಾರಸದ ರೋಗಗಳನ್ನು ಪರೀಕ್ಷಿಸಿ ೧೮೬೬ ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ರಸವನ್ನು ಮದ್ಯವಾಗಿಸುವುದು ಒಂದು ಜೀವಿ, ಅದನ್ನು ಹುಳಿಗೆಡಿಸುವುದು ಬೇರೊಂದು ಜೀವಿ ಎಂಬುದು ಅವನ ಸಂಶೋಧನೆಯಿಂದ ತಿಳಿದುಬಂದಿತು. ಇವೆರಡರ ಸ್ವಭಾವದಲ್ಲಿರುವ ಭೇದವೇ ಈ ವಿದ್ಯೆಗೆಲ್ಲ ತಳಹದಿ. ಯೀಸ್ಟು ಗಾಳಿಯಿಲ್ಲದೆಯೂ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡಬಲ್ಲದು. ಹುಳಿಗೆಡಿಸುವ ಜೀವಿಯು ಗಾಳಿಯಿಲ್ಲದೆ ಏನನ್ನೂ ಮಾಡಲಾರದು. ಗಾಳಿಯನ್ನು ಬಿಟ್ಟರೆ ಎರಡನೆಯವನು ಗೆಲ್ಲುವನು, ತಡೆದರೆ ಮೊದಲನೆಯವನು ಗೆಲ್ಲುವನು. ಹಣ್ಣಿನ ಸಿಪ್ಪೆಯ ಮೇಲಿರುವ ಕಾಡು ಹುದುಗನ್ನು ನಂಬುವುದಕ್ಕಿಂತ, ದ್ರಾಕ್ಷಾರಸಕ್ಕೆಂದೇ ಬೆಳೆಸಿದ ಒಣ ಯೀಸ್ಟನ್ನು ಬೆಚ್ಚನೆಯ ನೀರಿನಲ್ಲಿ ನೆನಸಿ ಹಾಕುವುದು ಸುರಕ್ಷಿತ.

ಮೊದಲ ದಿನಗಳಲ್ಲಿ ಪಾತ್ರೆಯ ಬಾಯನ್ನು ಬಿಗಿಯಾಗಿ ಮುಚ್ಚಕೂಡದು. ನಾಲ್ಕು ಮಡಿಕೆಯ ಶುಚಿಯಾದ ಬಟ್ಟೆಯನ್ನು ಕಟ್ಟಿದರೆ ಸಾಕು. ಹುಳಿಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು ತಡೆಯುವುದು ಈ ಬಟ್ಟೆಯ ಕೆಲಸ. ಹುಳಿಗೆಡಿಸುವ ಜೀವಿಯನ್ನು ಕಾಲಿನಲ್ಲಿ ಹೊತ್ತು ತರುವವು ಅವೇ. ಸಿಪ್ಪೆಯ ಪದರವು ಮೇಲಕ್ಕೆ ಏಳುವುದು. ದಿನಕ್ಕೆ ಎರಡು ಮೂರು ಸಾರಿ ಅದನ್ನು ಶುಚಿಯಾದ ಸೌಟಿನಿಂದ ರಸದೊಳಕ್ಕೆ ಅದುಮಬೇಕು. ಹಾಗೆ ಮಾಡದೆ ಬಿಟ್ಟರೆ ಮೇಲಿನ ಪದರವು ಗಾಳಿಗೆ ಒಣಗಿ ಅಲ್ಲಿಯೇ ಹುಳಿಯು ಹುಟ್ಟುವುದು. ಹುದುಗುವ ರಸವು ತಾನೇ ಕಾವೇರುವುದು. ೨೫ ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಒಳ್ಳೆಯದು, ೩೫ ನ್ನು ದಾಟಿದರೆ ಯೀಸ್ಟು ಸೊರಗುವುದು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಹವೆಯು ವರ್ಷದ ಬಹುಭಾಗ ಇದಕ್ಕೆ ಅನುಕೂಲವಾಗಿಯೇ ಇದೆ. ಇದು ಈ ಸೀಮೆಗೆ ದೈವವು ಕೊಟ್ಟ ಸೌಲಭ್ಯ.

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ೧೦೦ ಲೀಟರು ರಸವು ಹುದುಗಿ ಮುಗಿಯುವಷ್ಟರಲ್ಲಿ ಸುಮಾರು ೪೦೦೦ ಲೀಟರಿನಷ್ಟು ಇಂಗಾಲಾಮ್ಲ ವಾಯುವು ಹೊರಬೀಳುವುದು. ಇಷ್ಟು ವಾಯುವನ್ನು ಒಳಗೇ ಬಂಧಿಸಹೊರಟರೆ ಯಾವ ಜಾಡಿಯೂ ತಾಳಲಾರದು. ಬಂಧಿಸದೆ ಬಿಟ್ಟರೂ ಅದು ಗಾಳಿಗಿಂತ ಭಾರವಾದ್ದರಿಂದ ಬಾಗಿಲು ಮುಚ್ಚಿದ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ, ತೊಟ್ಟಿಯ ತಳದಲ್ಲಿ ಮಡುಗಟ್ಟಿ ನಿಲ್ಲುವುದು. ಬಹುಕಾಲ ಮುಚ್ಚಿದ್ದ ಹಗೇವಿಗೆ ಇಳಿದವನು ಮೇಲೆ ಬಾರದೆಹೋದ ಕಥೆಗಳನ್ನು ಹಿರಿಯರು ಬಲ್ಲರು. ದೀಪವನ್ನು ಇಳಿಬಿಟ್ಟು ನೋಡಿ ಆಮೇಲೆ ಮನುಷ್ಯನನ್ನು ಇಳಿಸುವ ಪದ್ಧತಿ ಅದರಿಂದಲೇ ಬಂದುದು. ದೀಪವು ಆರಿದ ಕಡೆ ಇಳಿಯಲೇ ಕೂಡದು. ಆರದೆ ಉರಿದರೂ ಅಪಾಯವಿಲ್ಲವೆಂದು ನಂಬಕೂಡದು, ದೀಪವು ಆರುವುದಕ್ಕೆ ಮುಂಚೆಯೇ ಮನುಷ್ಯನ ತಲೆ ತಿರುಗಬಹುದು. ಕಿಟಕಿ ಬಾಗಿಲುಗಳನ್ನು ತೆರೆದು, ಗಾಳಿಯಂತ್ರವನ್ನು ಹಾಕಿ, ಹೊರಗೊಬ್ಬನು ಕಾವಲಿದ್ದ ಮೇಲೆಯೇ ತೊಟ್ಟಿಯ ಕೆಲಸಕ್ಕೆ ಆಳನ್ನು ಕಳುಹಿಸತಕ್ಕದ್ದು. ಒಬ್ಬನು ಬಿದ್ದರೆ ಎತ್ತಲು ಇನ್ನೊಬ್ಬನು ಹಾಗೆಯೇ ಹಾರಿ ಇಬ್ಬರೂ ಸಾಯುವ ಅನಾಹುತಕ್ಕೆ ಯಜಮಾನನೇ ಹೊಣೆಯಾಗುವನು.

ಐದರಿಂದ ಏಳು ದಿನಗಳಾದ ಮೇಲೆ ರಸವನ್ನು ಸೋಸಿ, ಸಿಪ್ಪೆಯನ್ನು ಹಿಂಡಿ, ಕಿರಿದಾದ ಬಾಯಿಯುಳ್ಳ ಪಾತ್ರೆಗೆ ತುಂಬಬೇಕು. ನೂರು ಕಿಲೋಗ್ರಾಂ ಹಣ್ಣಿಗೆ ಸುಮಾರು ೬೦ ರಿಂದ ೬೫ ಲೀಟರು ರಸವನ್ನು ನಿರೀಕ್ಷಿಸಬಹುದು. ಇಲ್ಲಿಂದ ಮುಂದೆ ಕ್ರಮವು ತಿರುಗಿಬೀಳುವುದು. ಇದುವರೆಗೆ ಗಾಳಿಗೆ ಅಂಜಬೇಕಾಗಿರಲಿಲ್ಲ, ಏಕೆಂದರೆ ಉಕ್ಕಿ ಬರುವ ವಾಯುವೇ ರಸವನ್ನು ಹೊದ್ದು ಕಾಯುತ್ತಿತ್ತು. ಈಗ ಉಕ್ಕು ಇಳಿಯುವುದು, ಹೊದಿಕೆಯೂ ತೆಳುವಾಗುವುದು. ಪಾತ್ರೆಯ ಬಿರಡೆಗೆ ತೂತು ಮಾಡಿ ಒಂದು ಕೊಳವೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಬೇಕು. ಒಳಗಿನ ವಾಯುವು ಗುಳ್ಳೆಗಳಾಗಿ ಹೊರಬರುವುದು. ಹೊರಗಿನ ಗಾಳಿಯು ಒಳಹೋಗಲಾರದು. ಕೆಲವೇ ರೂಪಾಯಿ ಬೆಲೆಯ ಈ ನೀರಿನ ಬೀಗವಿಲ್ಲದೆ ಕೆಟ್ಟಷ್ಟು ರಸವು ಬೇರೆ ಯಾವ ಕಾರಣದಿಂದಲೂ ಕೆಡುವುದಿಲ್ಲವೆಂದರೆ ಅತಿಶಯವಲ್ಲ.

ಈ ಮಾತು ಈ ದೇಶಕ್ಕೆ ಅಪರಿಚಿತವೂ ಅಲ್ಲ. ಆಯುರ್ವೇದದ ಪಂಡಿತರು ದ್ರಾಕ್ಷಾರಿಷ್ಟವನ್ನು ಮಾಡುವಾಗ ಧಾತಕೀ ಪುಷ್ಪವನ್ನು ಸೇರಿಸಿ, ಪಾತ್ರೆಯ ಬಾಯನ್ನು ಬಟ್ಟೆ ಮಣ್ಣುಗಳಿಂದ ಸಂಧಿಬಂಧನ ಮಾಡಿ, ಧಾನ್ಯದ ರಾಶಿಯಲ್ಲಿ ಹುಗಿದಿಡುವ ಕ್ರಮವನ್ನು ಹೇಳಿರುವರು. ಗಾಳಿಯನ್ನು ತಡೆಯುವುದು, ಕಾವನ್ನು ಏರಿಳಿಯದಂತೆ ಇಡುವುದು, ಇವೆರಡನ್ನೂ ಅವರು ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ದ್ರಾಕ್ಷಿಯ ಮದ್ಯದ ಪ್ರಸ್ತಾಪವಿದೆ; ಅದು ಬರುವುದು ರಾಜ್ಯದ ಸುರಾಧ್ಯಕ್ಷನ ಅಧಿಕಾರವನ್ನು ಹೇಳುವ ಅಧ್ಯಾಯದಲ್ಲಿ ಎಂಬುದನ್ನೂ ಗಮನಿಸಬೇಕು.

ಮೂರು ನಾಲ್ಕು ವಾರಗಳಲ್ಲಿ ಗುಳ್ಳೆಗಳು ನಿಲ್ಲುವುವು. ತಳದಲ್ಲಿ ಗಷ್ಟು ಕೂರುವುದು. ಗಷ್ಟು ಕದಡದಂತೆ ಮೇಲಿನ ತಿಳಿಯನ್ನು ಕೊಳವೆಯಿಂದ ಬೇರೆ ಪಾತ್ರೆಗೆ ಇಳಿಸಬೇಕು. ಎರಡು ಮೂರು ತಿಂಗಳ ಮೇಲೆ ಮತ್ತೊಮ್ಮೆ ಹಾಗೆ ಮಾಡಬೇಕು. ಪ್ರತಿ ಸಾರಿಯೂ ಪಾತ್ರೆಯನ್ನು ಕುತ್ತಿಗೆಯವರೆಗೆ ತುಂಬಬೇಕು. ಅರ್ಧ ತುಂಬಿದ ಪಾತ್ರೆಯೆಂದರೆ ಅರ್ಧ ಗಾಳಿ ತುಂಬಿದ ಪಾತ್ರೆ. ಕೊರತೆ ಬಿದ್ದರೆ ಚಿಕ್ಕ ಪಾತ್ರೆಗೆ ಬದಲಾಯಿಸುವುದೇ ಲೇಸು. ಪಾತ್ರೆ ಬದಲಾಯಿಸುವಾಗ ೧೦ ಲೀಟರಿಗೆ ೧ ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಕರಗಿಸಿ ಹಾಕಿದರೆ ದಶಲಕ್ಷಕ್ಕೆ ಸುಮಾರು ೫೦ ಭಾಗದಷ್ಟು ಗಂಧಕದ ವಾಯುವು ರಸದಲ್ಲಿ ಸೇರಿ ಹುಳಿಯ ಜೀವಿಯನ್ನು ಅಡಗಿಸುವುದು. ಇದನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಚಿಟಿಕೆಯ ಲೆಕ್ಕ ಕೂಡದು. ಉಬ್ಬಸದ ಕಾಯಿಲೆಯವರಿಗೆ ಇದು ಒಗ್ಗದಿರಬಹುದಾದ್ದರಿಂದ ಸೀಸೆಯ ಚೀಟಿಯ ಮೇಲೆ ಬರೆಯುವುದೂ ಅವಶ್ಯ.

ಇನ್ನು ಸೀಸೆ ಮತ್ತು ಬಿರಡೆ. ಬಹುಮಂದಿ ಇಲ್ಲಿಗೆ ಬಂದು ಎಡವುವರು. ಹಳೆಯ ಸೀಸೆಗೆ ಹಳೆಯ ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೇಲೆ ಮೇಣವನ್ನು ಸುರಿದು, ಮುಚ್ಚಿಬಿಟ್ಟೆವೆಂದು ನೆಮ್ಮದಿಯಿಂದಿರುವರು. ದ್ರಾಕ್ಷಾರಸದ ಸೀಸೆಯ ಕೊರಳಿನ ಒಳ ಅಗಲವು ಸುಮಾರು ಹದಿನೆಂಟೂವರೆ ಮಿಲಿಮೀಟರು. ಅದಕ್ಕೆ ಹಾಕುವ ಹೊಸ ಬಿರಡೆಯ ಅಗಲವು ೨೪ ಮಿಲಿಮೀಟರು. ಯಂತ್ರದಿಂದ ಅದುಮಿ ಇಳಿಸಿದ ಆ ಬಿರಡೆಯು ಒಳಗೆ ಹಿಗ್ಗಿ ಗಾಜನ್ನು ಎಲ್ಲ ಕಡೆಯಿಂದಲೂ ಒತ್ತಿ ಹಿಡಿಯುವುದು. ಮುಚ್ಚುವ ಶಕ್ತಿಯೆಲ್ಲ ಆ ಒತ್ತಡದಲ್ಲಿದೆ. ಬೆರಳಿನಿಂದ ಇಳಿಯುವ ಬಿರಡೆಯು ಸೀಸೆಗೆ ಟೋಪಿಯೇ ಹೊರತು ಬಾಗಿಲಲ್ಲ. ಮೇಣವು ಅಂದಕ್ಕೂ ಹುಳುವನ್ನು ತಡೆಯುವುದಕ್ಕೂ ಆದೀತು, ಬಿರಡೆಯ ಲೋಪವನ್ನು ಮುಚ್ಚಲಾರದು. ಬಿರಡೆಯು ಬಹುಮಟ್ಟಿಗೆ ಪೋರ್ಚುಗಲ್ ದೇಶದಲ್ಲಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಮೊದಲ ತೊಗಟೆಗೆ ಸುಮಾರು ೨೫ ವರ್ಷ ಕಾಯಬೇಕು, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ತೆಗೆಯುವರು. ಆದುದರಿಂದ ಬೆಲೆ ಹೆಚ್ಚು. ಒಂದೆರಡು ವರ್ಷದೊಳಗೆ ಕುಡಿಯತಕ್ಕ ರಸಕ್ಕೆ ತಿರುಪಿನ ಲೋಹದ ಮುಚ್ಚಳವು ಎಷ್ಟೂ ಕಡಿಮೆಯಲ್ಲ. ಅದರಿಂದ ಅಂತಸ್ತು ಕೆಡುವುದೆಂಬುದು ಬರಿಯ ಭ್ರಮೆ.

ತುಂಬಿದ ಸೀಸೆಯನ್ನು ಕತ್ತಲೆಯ, ಅಲುಗಾಡದ, ವಾಸನೆಯಿಲ್ಲದ ಜಾಗದಲ್ಲಿಡಬೇಕು. ತೊಗಟೆಯ ಬಿರಡೆಯುಳ್ಳ ಸೀಸೆಯನ್ನು ಅಡ್ಡವಾಗಿ ಮಲಗಿಸಬೇಕು. ಬಿರಡೆಯು ರಸದಲ್ಲಿ ತೊಯ್ದು ಹಿಗ್ಗಿಯೇ ಇರುವುದು. ನಿಲ್ಲಿಸಿದರೆ ಕಾಲಕ್ರಮದಲ್ಲಿ ಅದು ಒಣಗಿ, ಕುಗ್ಗಿ, ಗಾಳಿಗೆ ದಾರಿಯಾಗುವುದು. ತಿರುಪಿನ ಮುಚ್ಚಳದ ಸೀಸೆಯನ್ನು ಹೇಗಿಟ್ಟರೂ ಸರಿಯೆ. ೧೨ ರಿಂದ ೧೫ ಡಿಗ್ರಿಯ ತಂಪು ಉತ್ತಮ. ಅದಿಲ್ಲದಿದ್ದರೂ ಹಗಲಿರುಳು ಏರಿಳಿಯದ ಜಾಗವಾದರೂ ಬೇಕು. ಸೆಕೆಯಲ್ಲಿ ರಸವು ಹಿಗ್ಗಿ ಬಿರಡೆಯನ್ನು ತಳ್ಳುವುದು, ತಂಪಿನಲ್ಲಿ ಕುಗ್ಗಿ ಗಾಳಿಯನ್ನು ಹೀರುವುದು. ಪ್ರತಿದಿನವೂ ಹೀಗಾದರೆ ಸೀಸೆಯು ಉಸಿರಾಡತೊಡಗಿದಂತೆಯೇ. ಅಟ್ಟವೂ ತಗಡಿನ ಕೊಟ್ಟಿಗೆಯೂ ಇದಕ್ಕೆ ಅಯೋಗ್ಯ. ದಪ್ಪ ಮಣ್ಣುಗೋಡೆಯ ಉತ್ತರದ ಕೋಣೆಯು ಯೋಗ್ಯ. ಸೀಮೆಎಣ್ಣೆಯನ್ನೂ ಕೀಟನಾಶಕಗಳನ್ನೂ ಅದೇ ಕೋಣೆಯಲ್ಲಿಡಕೂಡದು. ಹಳತಾದಷ್ಟೂ ಒಳ್ಳೆಯದೆಂಬ ಮಾತು ಬೆಂಗಳೂರು ನೀಲಿಯ ಸಾಧಾರಣ ರಸಕ್ಕೆ ಸಲ್ಲದು. ಅದರ ಗುಣವು ಹೊಸತನದ ಪರಿಮಳದಲ್ಲಿದೆ.

ಕೆಡದಂತೆ ಇಡುವುದಕ್ಕೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಶಿವಾಜಿನಗರದ ಸಂತ ಮೇರಿಯವರ ದೇವಾಲಯವನ್ನು ನೆನೆದರೆ ಸಾಕು. ಕ್ಯಾಥೊಲಿಕ್ ಧರ್ಮಸಭೆಯ ನಿಯಮಸಂಹಿತೆಯ ೯೨೪ ನೆಯ ವಿಧಿಯಂತೆ ಪೂಜೆಯ ರಸವು ದ್ರಾಕ್ಷಿಯ ಫಲದಿಂದ ಸಹಜವಾಗಿ ಆದುದಾಗಿರಬೇಕು ಮತ್ತು ಕೆಟ್ಟದ್ದಾಗಿರಕೂಡದು. ಹುಳಿಗೆಟ್ಟ ರಸವು ದೇವರ ಪೀಠಕ್ಕೂ ಸಲ್ಲದು, ಇಂದಿರಾನಗರದ ಭೋಜನಗೃಹಕ್ಕೂ ಸಲ್ಲದು. ಆ ಭೋಜನಗೃಹಗಳಲ್ಲಿ ಇಟಲಿ, ಆಸ್ಟ್ರೇಲಿಯ ದೇಶಗಳ ಮತ್ತು ನಾಸಿಕದ ಸೀಸೆಗಳು ಮಾರಾಟವಾಗುತ್ತಿರುವಾಗ, ಕೆಲವೇ ಹರದಾರಿಗಳ ಆಚೆಗೆ ಬೆಂಗಳೂರಿನ ಹಣ್ಣು ಬುಟ್ಟಿಯ ಲೆಕ್ಕದಲ್ಲಿ ಹೋಗುತ್ತಿರುವುದು ಯೋಚಿಸತಕ್ಕ ಸಂಗತಿ.

ಇಷ್ಟನ್ನು ಓದಿ ಯಾವ ಹಿಡುವಳಿದಾರನೂ ನಾಳೆಯೇ ಹಿತ್ತಲಿನಲ್ಲಿ ಜಾಡಿ ಹೂಡಬಾರದು. ೧೯೬೫ ರ ಕರ್ನಾಟಕ ಅಬ್ಕಾರಿ ಅಧಿನಿಯಮದ ಪ್ರಕಾರ ಮಾದಕ ಪಾನೀಯವನ್ನು ಲೈಸೆನ್ಸಿಲ್ಲದೆ ತಯಾರಿಸುವುದೂ ಮಾರುವುದೂ ದಂಡನಾರ್ಹವಾದ ಅಪರಾಧ. ಹಬ್ಬದ ಪದ್ಧತಿಯೆಂಬುದು ಮಾರಾಟಕ್ಕೆ ರಕ್ಷೆಯಾಗಲಾರದು. ಈ ಕಟ್ಟುಪಾಡಿನ ಹಿಂದೆ ಕಣ್ಣೀರಿನ ಕಾರಣವಿದೆ. ೧೯೮೧ ರಲ್ಲಿ ಬೆಂಗಳೂರಿನಲ್ಲಿ ವಿಷದ ಕಳ್ಳಭಟ್ಟಿಯನ್ನು ಕುಡಿದು ೩೦೦ ಕ್ಕೂ ಹೆಚ್ಚು ಬಡವರು ಸತ್ತರು. ೨೦೦೮ ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ಗಡಿಯಾಚೆಯ ತಮಿಳುನಾಡಿನಲ್ಲಿಯೂ ಅದೇ ಅನಾಹುತವು ಮರಳಿತು. ಆ ವಿಷವು ದ್ರಾಕ್ಷಿಯನ್ನು ಹುದುಗಿಸಿದುದರಿಂದ ಬಂದುದಲ್ಲ, ಮೆಥನಾಲು ಎಂಬ ಕೈಗಾರಿಕೆಯ ಸಾರವನ್ನು ಬೆರಸಿದುದರಿಂದ ಬಂದುದು. ಆದರೂ ಯಾರು, ಎಲ್ಲಿ, ಏನನ್ನು ತಯಾರಿಸುತ್ತಾರೆಂಬುದು ಸರಕಾರಕ್ಕೆ ತಿಳಿದಿರಬೇಕೆಂಬ ನಿಯಮವು ನ್ಯಾಯವಾದುದೆಂಬುದಕ್ಕೆ ಆ ಹೆಣಗಳೇ ಸಾಕ್ಷಿ.

ಮತ್ತೊಂದು ಆಕ್ಷೇಪಣೆಯೂ ಉಂಟು. ಅದನ್ನು ಹಗುರಾಗಿ ತೆಗೆದುಕೊಳ್ಳಕೂಡದು. ಮದ್ಯವು ಮನೆಗಳನ್ನು ಹಾಳುಮಾಡಿದುದನ್ನು ಕಾಣದ ಗ್ರಾಮವಿಲ್ಲ. ಮಾದಕ ಪಾನೀಯಗಳನ್ನು ಔಷಧಕ್ಕಲ್ಲದೆ ಬಳಸದಂತೆ ಮಾಡಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ ೪೭ ನೆಯ ಅನುಚ್ಛೇದವೇ ಹೇಳುತ್ತದೆ. ದ್ರಾಕ್ಷಾರಸವು ಸಾರಾಯಿಗಿಂತ ಸೌಮ್ಯವಾದುದು ನಿಜ. ಆದರೆ ಸೌಮ್ಯವೆಂದಮಾತ್ರಕ್ಕೆ ಆರೋಗ್ಯಕರವೆಂದು ಸಾರುವುದು ಸತ್ಯವಲ್ಲ. ಮನಸ್ಸೊಪ್ಪದ ಹಿಡುವಳಿದಾರನು ಇದರಿಂದ ದೂರವಿರುವುದೇ ಯುಕ್ತ. ಅವನಿಗೂ ದಾರಿಯುಂಟು. ಹುದುಗದ ರಸವನ್ನು ಸುಮಾರು ೮೦ ಡಿಗ್ರಿಗೆ ಕಾಯಿಸಿ, ಬಿಸಿಯಾಗಿರುವಾಗಲೇ ಕುದಿನೀರಿನಲ್ಲಿ ತೊಳೆದ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಅದು ಮದ್ಯವಿಲ್ಲದ ಪಾನಕವಾಗಿ ತಿಂಗಳುಗಟ್ಟಲೆ ನಿಲ್ಲುವುದು. ಬೇಕೆಂದೇ ಹುಳಿಗೊಳಿಸಿದರೆ ಅಡಿಗೆಗೆ ಬೇಕಾದ ವಿನಿಗರ್ ಆಗುವುದು. ಹುದುಗಿದ ರಸದಿಂದ ಮಾಡುವುದಾದರೆ ಅದಕ್ಕೂ ಅಬ್ಕಾರಿ ಕಚೇರಿಯಲ್ಲಿ ಮುಂದಾಗಿ ವಿಚಾರಿಸಬೇಕು. ಮುಚ್ಚುವ ವಿದ್ಯೆಯು ಮೂರಕ್ಕೂ ಒಂದೇ.

ಹಾಗಾದರೆ ಮಾಡಬೇಕಾದುದೇನು? ಈ ಸೀಮೆಯಲ್ಲಿ ದ್ರಾಕ್ಷಾರಸದ ಉದ್ಯಮವು ಸಾಧ್ಯವೆಂಬುದು ಈಗಾಗಲೇ ಸಿದ್ಧವಾಗಿದೆ. ೧೯೮೮ ರಲ್ಲಿ ಗ್ರೋವರ್ ಕುಟುಂಬದವರು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರಾನ್ಸಿನ ತಳಿಗಳನ್ನು ನೆಟ್ಟು, ೧೯೯೨ ರಲ್ಲಿ ಮೊದಲ ರಸವನ್ನು ತೆಗೆದರು. ೨೦೦೭ ರಲ್ಲಿ ರಾಜ್ಯ ಸರಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ಒಂದು ಮಂಡಳಿಯನ್ನೂ ಏರ್ಪಡಿಸಿತು. ಹೆಸರಘಟ್ಟದ ತೋಟಗಾರಿಕೆಯ ಸಂಶೋಧನಾ ಸಂಸ್ಥೆಯಲ್ಲಿ ಬೆಂಗಳೂರು ನೀಲಿಯನ್ನೇ ತಾಯಿಯನ್ನಾಗಿ ಮಾಡಿಕೊಂಡು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಎಂಬ ರಸಯೋಗ್ಯವಾದ ತಳಿಗಳನ್ನು ಪಡೆದಿದ್ದಾರೆ. ಆದರೆ ಎರಡು ಎಕರೆಯ ಚಪ್ಪರವುಳ್ಳ ರೈತನು ದೊಡ್ಡ ಬಂಡವಾಳದವರನ್ನು ಅನುಕರಿಸಹೊರಟರೆ ಸಾಲದಲ್ಲಿ ಮುಳುಗುವನು. ತಂಪಿನ ಕೋಣೆ, ಉಕ್ಕಿನ ತೊಟ್ಟಿ, ಬಿರಡೆಯ ಯಂತ್ರ, ಲೈಸೆನ್ಸಿನ ಶುಲ್ಕ, ಕಲಿತ ಮನುಷ್ಯನ ಸಂಬಳ, ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದುದು ವ್ಯರ್ಥ.

ಆದಕಾರಣ ಈ ಕೆಲಸವು ಕೂಡಿ ಮಾಡತಕ್ಕದ್ದು. ಹನಿಗೂಡಿದರೆ ಹಳ್ಳ ಎಂಬುದು ಇಲ್ಲಿ ಅಕ್ಷರಶಃ ನಿಜ. ನಾಲ್ಕೈದು ಗ್ರಾಮಗಳ ಯಜಮಾನರು ಸೇರಿ ಬೆಳೆಗಾರರ ಸಹಕಾರ ಸಂಘವನ್ನೋ ಉತ್ಪಾದಕರ ಕಂಪನಿಯನ್ನೋ ಕಟ್ಟಿಕೊಳ್ಳಲಿ. ಮೊದಲ ವರ್ಷ ರಸದ ಗೊಡವೆಯೇ ಬೇಡ. ಒಂದು ರಿಫ್ರಾಕ್ಟೋಮೀಟರನ್ನು ಕೊಂಡು, ಪ್ರತಿ ತೋಟದ ಡಿಗ್ರಿಯನ್ನೂ ಕೊಯ್ಲಿನ ತಾರೀಖನ್ನೂ ಪುಸ್ತಕದಲ್ಲಿ ಬರೆದಿಡಲಿ. ಕೊಂಬೆ ಸವರುವ ದಿನಗಳನ್ನು ತೋಟದಿಂದ ತೋಟಕ್ಕೆ ಹಂಚಿಕೊಂಡು, ಹಣ್ಣು ಒಂದೇ ವಾರದಲ್ಲಿ ಬಂದು ಬೀಳದಂತೆ ನೋಡಿಕೊಳ್ಳಲಿ. ಎರಡನೆಯ ವರ್ಷ ಆ ಪುಸ್ತಕವನ್ನು ಮುಂದಿಟ್ಟು, ಲೈಸೆನ್ಸು ಪಡೆದ ಕಾರ್ಖಾನೆಯವರೊಡನೆ ತೂಕಕ್ಕೆ ಮಾತ್ರವಲ್ಲದೆ ಡಿಗ್ರಿಗೂ ಬೆಲೆ ಕೊಡುವಂತೆ ಬರಹದ ಕರಾರನ್ನು ಮಾಡಿಕೊಳ್ಳಲಿ. ಆ ಮೇಲೆ, ಹಣವೂ ನಂಬಿಕೆಯೂ ಕೂಡಿದರೆ, ಸಂಘದ ಹೆಸರಿನಲ್ಲಿಯೇ ಒಂದು ಪಾನಕದ ಮನೆಯನ್ನೋ ಲೈಸೆನ್ಸಿನ ರಸಶಾಲೆಯನ್ನೋ ತೆರೆಯಲಿ; ತೆರೆಯುವುದಕ್ಕೆ ಮುಂಚೆ ಇಬ್ಬರು ಓದಿದ ಹುಡುಗರನ್ನು ಕೆಲಸ ಕಲಿಯಲು ಕಳುಹಿಸಲಿ.

ಇಲಾಖೆಗಳ ಪಾಲೂ ಇದರಲ್ಲಿದೆ. ಸವರುವುದು, ಗೊಬ್ಬರ ಹಾಕುವುದು, ಔಷಧ ಎರಚುವುದು, ಇವುಗಳನ್ನು ರೈತನಿಗೆ ಹೇಳುವವರಿಗೆ ಕೊರತೆಯಿಲ್ಲ. ಆದರೆ ಉಪದೇಶವು ಕೊಯ್ಲಿನ ದಿನಕ್ಕೆ ಮುಗಿದುಹೋಗುವುದು. ನಷ್ಟವು ಮೊದಲಾಗುವುದು ಆ ದಿನದ ಮಾರನೆಯ ದಿನ. ಹಣ್ಣನ್ನು ಇಡುವ, ಹಿಂಡುವ, ಮುಚ್ಚುವ ಕ್ರಮಗಳನ್ನು ಪ್ರತ್ಯಕ್ಷವಾಗಿ ತೋರಿಸುವ ಏರ್ಪಾಡು ಹೋಬಳಿಗೊಂದಾದರೂ ಇರಬೇಕು. ಯಜಮಾನರು ಸೇರಿ ಬರೆದುಕೊಂಡರೆ ಅದನ್ನು ಕಡೆಗಣಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯು ಚಪ್ಪರವನ್ನು ಕಿತ್ತ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಬೆಂಗಳೂರು ನೀಲಿಯ ಬಳ್ಳಿಯು ಇನ್ನೂ ನೆಲದಲ್ಲಿದೆ; ಕೊಳ್ಳುವ ನಗರವು ಬೇಲಿಯ ಪಕ್ಕಕ್ಕೇ ಬಂದು ನಿಂತಿದೆ. ಇವೆರಡರ ನಡುವೆ ಇಲ್ಲದಿರುವುದು ಹಣ್ಣನ್ನು ನಾಲ್ಕು ತಿಂಗಳು ಕಾಯಿಸಬಲ್ಲ ಒಂದು ಶುಚಿಯಾದ ಪಾತ್ರೆ ಮತ್ತು ಅದಕ್ಕೊಂದು ಸರಿಯಾದ ಮುಚ್ಚಳ. ಅಷ್ಟನ್ನು ಒದಗಿಸಿಕೊಳ್ಳುವುದು ಒಬ್ಬ ರೈತನಿಗೆ ಭಾರವಾದರೂ ಒಂದು ಹೋಬಳಿಗೆ ಭಾರವಲ್ಲ. ಬರುವ ಕೊಯ್ಲಿಗೆ ಮುಂಚೆ ಗ್ರಾಮದ ಯಜಮಾನರು ಬೆಳೆಗಾರರನ್ನು ಒಮ್ಮೆ ಕೂಡಿಸಿ ಈ ವಿಷಯವನ್ನು ಇತ್ಯರ್ಥ ಮಾಡುವುದು ಒಳ್ಳೆಯದು.